ಮುಖದ ತುಂಡು

"ಇದು ಅವ್ವನೇನೋ? ನೀನೇ ಹೇಳಲೇ, ಇದು ನಮ್ಮವ್ವನಾ?"

ಮಮತಾ ಮೊಬೈಲನ್ನು ತಮ್ಮನ ಮೂಗಿಗೆ ತಾಗುವಂತೆ ಹಿಡಿದಳು. ಮಾರುತೇಶ ಶಾಮಿಯಾನದ ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದ. ಹಲ್ಲಲ್ಲಿ ಕಚ್ಚಿಕೊಂಡಿದ್ದ ಹಗ್ಗದ ತುದಿಯನ್ನು ಬಿಟ್ಟು, ಕತ್ತು ಹಿಂದಕ್ಕೆಳೆದು ನೋಡಿದ.

ಹೊಳಲ್ಕೆರೆಯ ಫ್ಲೆಕ್ಸ್ ಅಂಗಡಿಯ ತಿಮ್ಮೇಶ್ ಕಳಿಸಿದ್ದ ಮಾದರಿ ಅದು. ನೀಲಿ ಆಕಾಶ, ಹಾರುವ ಎರಡು ಪಾರಿವಾಳ, ಮೂಲೆಯಲ್ಲೊಂದು ದೀಪ. 'ಭಾವಪೂರ್ಣ ಶ್ರದ್ಧಾಂಜಲಿ' ಎಂಬ ಅಕ್ಷರಗಳ ಕೆಳಗೆ, ವೃತ್ತದೊಳಗೆ, ಆಧಾರ್ ಕಾರ್ಡಿನ ನಿಂಗಕ್ಕ. ಬಾಯಿ ಬಿಗಿದಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. ಉಗುರಿನಷ್ಟಿದ್ದ ಚಿತ್ರವನ್ನು ಹಿಗ್ಗಿಸಿದ್ದರಿಂದ ಕೆನ್ನೆಯೆಲ್ಲ ಚೌಕಚೌಕವಾಗಿ ಒಡೆದಿತ್ತು.

"ಆಧಾರ್‌ನಾಗೆ ಎಲ್ರೂ ಹಂಗೇ ಇರ್ತಾರೆ ಬಿಡಕ್ಕ," ಅಂದ ಮಾರುತೇಶ.

"ಕಳ್ಳತನದಾಗೆ ಸಿಕ್ಕಿಬಿದ್ದೋಳ ಹಂಗೈತೆ. ಪೊಲೀಸ್ ಸ್ಟೇಷನ್ ಗೋಡೆಗೆ ಅಂಟಿಸ್ಬೋದು."

"ಇನ್ನೊಂಚೂರು ಬೆಳ್ಳಗೆ ಮಾಡಿಕೊಡ್ತೀನಿ ಅಂದಾನೆ ತಿಮ್ಮೇಶ."

"ನಮ್ಮವ್ವನ್ನ ಬೆಳ್ಳಗೆ ಮಾಡಾಕೆ ಅವನ್ಯಾರು?"

ಜಗಲಿಯ ಮೇಲೆ ನಿಂಗಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆನ್ನಿಗೆ ಕರಿ ಕಂಬಳಿ, ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ಬಾಯಿ ತೆರೆಯದ ಹಾಗೆ ಗದ್ದದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಬೆಳಿಗ್ಗೆ ಕುರಿರೊಪ್ಪದ ಬಾಗಿಲು ತೆಗೆಯಲು ಎದ್ದವಳು, ಎದೆ ಹಿಡಿದಂಗಾಗ್ತೈತೆ ಎಂದು ವಾಪಸು ಬಂದು ಮಂಚದ ಮೇಲೆ ಕೂತಳಂತೆ. ಸೊಸೆ ಚೈತ್ರಾ ಒಳಗಿಂದ ನೀರು ತರುವಷ್ಟರಲ್ಲಿ ಮುಗಿದಿತ್ತು. ಮಮತಾ ಹೊಸದುರ್ಗದ ತನ್ನ ಟೇಲರ್ ಅಂಗಡಿಗೆ ಬೀಗ ಹಾಕಿ, ಬಸ್ಸು ಹಿಡಿದು ತಾಳ್ಯಕ್ಕೆ ಬರುವ ಹೊತ್ತಿಗೆ ಸ್ನಾನ ಮಾಡಿಸಿ ಸೀರೆ ಉಡಿಸಿಯೂ ಆಗಿತ್ತು.

ಅವಳ ಸಿಟ್ಟು ಫ್ಲೆಕ್ಸಿನ ಮೇಲಲ್ಲ. ಫ್ಲೆಕ್ಸ್ ತಿಥಿಯವರೆಗೆ ಬೀದಿಯ ತುದಿಯಲ್ಲಿ ನಿಂತು, ಆಮೇಲೆ ಯಾರದೋ ಬಣವೆಯನ್ನು ಮುಚ್ಚುತ್ತದೆ. ಆದರೆ ಅದೇ ಚಿತ್ರಕ್ಕೆ ಕಟ್ಟು ಹಾಕಿಸಿ ಟೀವಿಯ ಮೇಲಿನ ಗೋಡೆಗೆ ಹೊಡೆಯುತ್ತಾರೆ. ಅಲ್ಲಿಗೆ ಮುಗಿಯಿತು, ಸತ್ತವರು ಮುಂದೆ ಅದೇ ಮುಖದಲ್ಲಿ ಇರಬೇಕು. ಈ ಮನೆಯಲ್ಲೇ ಹಾಗಾಗಿತ್ತು. ಅಪ್ಪನ ಅಪ್ಪ ಕುರಿಗೂ ಗದರದ ಮನುಷ್ಯ. ಓಟರ್ ಕಾರ್ಡಿನ ಫೋಟೊದಿಂದ ಗೋಡೆಗೆ ಹೋದ. ಮರಿಮಕ್ಕಳೆಲ್ಲ ಅವನನ್ನು ಸಿಟ್ಟಿನಜ್ಜ ಎಂದೇ ಕರೆಯುತ್ತಿದ್ದರು. ಅನ್ನ ಉಣ್ಣದಿದ್ದರೆ ಅವನನ್ನು ತೋರಿಸಿ ಹೆದರಿಸುತ್ತಿದ್ದರು.

ಬೇರೆ ಫೋಟೊ ಇರಲಿಲ್ಲ. ಮಮತಾಳ ಹಳೆಯ ಮೊಬೈಲು ಹೋದ ತಿಂಗಳು ನೀರಿನ ತೊಟ್ಟಿಗೆ ಬಿದ್ದಿತ್ತು. ಮದುವೆಯ ಆಲ್ಬಮ್ ಅನ್ನು ಬೆಳಿಗ್ಗೆಯಿಂದ ಎರಡು ಸಲ ತಿರುವಿ ಹಾಕಿದ್ದಳು. ಅವ್ವ ಎಲ್ಲದರಲ್ಲೂ ಇದ್ದಳು, ಎಲ್ಲದರಲ್ಲೂ ಬಾಯಿಗೆ ಸೆರಗು ಹಿಡಿದಿದ್ದಳು. ಹಿಂದೆ ಯಾವಾಗಲೋ ಟಗರು ಗುದ್ದಿ ಮುಂದಿನ ಹಲ್ಲೊಂದು ಹೋಗಿತ್ತು. ಊರವರ ಮುಂದೆ ಬಾಯ್ತುಂಬ ನಗುವವಳು ಕ್ಯಾಮೆರಾ ಕಂಡರೆ ಸಾಕು, ಸೆರಗು ಎಳೆದುಕೊಳ್ಳುತ್ತಿದ್ದಳು.

"ಗಾಡಿ ಫೋಟೊ ಕೊಡೋ ತಿಮ್ಮೇಶಂಗೆ," ಅಂದಳು ಮಮತಾ. "ಅದ್ರಾಗೆ ಅವ್ವ ಅವ್ವನ ಹಂಗೆ ನಕ್ಕಾಳೆ."

ಮಾರುತೇಶನ ಮುಖ ಗಂಟಾಯಿತು. "ಅದೊಂದು ಬ್ಯಾಡ."

"ಯಾಕೆ?"

"ಬ್ಯಾಡ ಅಂದೆ ಅಷ್ಟೆ. ನಿಂಗೇನು, ಹೊಸದುರ್ಗದಾಗೆ ಕುಂತಿರ್ತೀಯ. ಇಲ್ಲಿ ಅನ್ನಿಸ್ಕಂಡೋನು ನಾನು. ಸತ್ತ ಮೇಲೂ ಆ ಕಂಪನಿ ಗಾಡಿ ಮಾರಾಕೆ ನಿಂತಳಾ ಅಂತಾರೆ ಜನ."

ಅವನು ಹಗ್ಗಕ್ಕೆ ಮತ್ತೆ ಹಲ್ಲು ಹಾಕಿದ. ಮಾತು ಮುಗಿಸಲು ಅವನಿಗೆ ಅದಕ್ಕಿಂತ ಒಳ್ಳೆಯ ಉಪಾಯ ಸಿಗುತ್ತಿರಲಿಲ್ಲ.

* * *

ಎರಡು ವರ್ಷದ ಹಿಂದೆ ತ್ರಿವೇಗ ಮೋಟಾರ್ಸ್ ಎಂಬ ಕಂಪನಿ 'ಗಟ್ಟಿಗ' ಎಂಬ ಹೆಸರಿನ ಪಿಕಪ್ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಅಳತೆಯ ಗಾಡಿಗಳಲ್ಲೆಲ್ಲ ಅಗ್ಗದ್ದು ಎಂಬುದೇ ಅದರ ಹೆಚ್ಚುಗಾರಿಕೆ. ಚಿತ್ರದುರ್ಗದ ಶೋರೂಮಿನವರು ಮದಕರಿಪುರದ ಹತ್ತಿರದ ಬಯಲಿನಲ್ಲಿ ಪೆಂಡಾಲು ಹಾಕಿ, ಕೆಂಪು ಹಾಸು ಹಾಸಿ, ಗಾಡಿಗೆ ರೇಷ್ಮೆ ಬಟ್ಟೆ ಮುಚ್ಚಿ ನಿಲ್ಲಿಸಿದ್ದರು. ಗಾಡಿಯ ತುಂಬ ಕುರಿ ನಿಲ್ಲಿಸಿ ಫೋಟೊ ತೆಗೆಯಬೇಕಿತ್ತು. ಹೊಸದುರ್ಗದ ಸಾಹುಕಾರರೊಬ್ಬರ ಹಳೆಯ ಪಿಕಪ್ ಓಡಿಸುತ್ತಿದ್ದ ಮಾರುತೇಶನಿಗೆ ಕುರಿ ತರಲು ಹೇಳಿದ್ದರು. ಅವನು ಮನೆಯ ಕುರಿಗಳನ್ನೇ ತುಂಬಿಕೊಂಡ. ನಿಂಗಕ್ಕನೂ ಹತ್ತಿದಳು. ಗುರುತಿಲ್ಲದವರ ಕೈಗೆ ಕುರಿ ಕೊಟ್ಟು ಮನೆಯಲ್ಲಿ ಕೂರುವ ಹೆಂಗಸಲ್ಲ ಅವಳು. ಮಮತಾ ಹೊಸದುರ್ಗದಿಂದ ನೇರವಾಗಿ ಅಲ್ಲಿಗೇ ಬಂದಿದ್ದಳು, ತಮ್ಮನೂ ಒಂದು ಗಾಡಿ ನೋಡಿಕೊಳ್ಳಲಿ ಎಂದು.

ಬೇರೆ ಊರಿಂದ ಒಬ್ಬ ಹುಡುಗಿಯನ್ನು ಕರೆಸಿ, ರೈತ ಹೆಂಗಸಿನಂತೆ ಸೀರೆ ಉಡಿಸಿ, ಡ್ರೈವರ್ ಸೀಟಿನಲ್ಲಿ ಕೂರಿಸಿದ್ದರು. ಅವಳು ಸರಿಯಾಗಿ ಕೂರುವ ಮೊದಲೇ ಒಂದು ಮರಿ ಜನರ ಕಾಲಸಂದಿನಿಂದ ನುಗ್ಗಿ, ತೆರೆದಿದ್ದ ಬಾಗಿಲಿನಿಂದ ಒಳಗೆ ಹಾರಿತು. ಹುಡುಗಿ ಇನ್ನೊಂದು ಬಾಗಿಲಿನಿಂದ ಹೊರಗೆ ಹಾರಿದಳು. ನಿಂಗಕ್ಕ ಮರಿ ಹಿಡಿಯಲು ಹತ್ತಿದಳು. ಮರಿ ಸಿಕ್ಕಿತು, ಆದರೆ ಇಳಿಯಲು ಒಪ್ಪಲಿಲ್ಲ. ಅವಳ ಮಡಿಲಲ್ಲಿ ನಿಂತು ಸ್ಟೇರಿಂಗಿಗೆ ಕಟ್ಟಿದ್ದ ಹೂವಿನ ಹಾರ ತಿನ್ನತೊಡಗಿತು. ಅದರ ಕಿವಿಯ ಮೇಲೆ ಕರಿ ಬಣ್ಣದ ಬೊಟ್ಟಿತ್ತು, ನಿಂಗಕ್ಕ ತನ್ನ ಕುರಿಗಳಿಗೆಲ್ಲ ಹಾಕುತ್ತಿದ್ದ ಗುರುತು.

ಅತ್ತ ಕೆಳಗೆ ಉಳಿದ ಕುರಿಗಳು ಕೆಂಪು ಹಾಸಿನ ಮೇಲೆ ಉದ್ದಕ್ಕೂ ಹಿಕ್ಕೆ ಉದುರಿಸಿದ್ದವು. ಟೈ ಕಟ್ಟಿದ ಮ್ಯಾನೇಜರು ಪೊರಕೆಗಾಗಿ ಓಡಿದ. ನಿಂಗಕ್ಕ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಮರಿ ಹಿಡಿದುಕೊಂಡು, ಅವನನ್ನು ನೋಡಿ, ಮರಿಯನ್ನು ನೋಡಿ, ಸೆರಗು ಮರೆತು ನಕ್ಕುಬಿಟ್ಟಳು. ಫೋಟೊದವನು ಬಿಡಲಿಲ್ಲ.

ಆ ಫೋಟೊ ಹೋರ್ಡಿಂಗ್ ಆಯಿತು. ಯಾರೂ ಇವರನ್ನು ಕೇಳಲಿಲ್ಲ, ಹೇಳಲಿಲ್ಲ. ಹಿರಿಯೂರಿನ ಒಂದು ಮದುವೆ ಮುಗಿಸಿಕೊಂಡು ತಾಯಿ ಮಗಳು ಬಸ್ಸಿನಲ್ಲಿ ಬರುವಾಗ, ಹೆದ್ದಾರಿಯ ಪಕ್ಕದಲ್ಲಿ ನಿಂಗಕ್ಕ ಮನೆಯಷ್ಟು ದೊಡ್ಡದಾಗಿ ಎದುರಾದಳು. ಪಕ್ಕದಲ್ಲಿ 'ಎಲ್ಲರ ಕೈಗೂ ಎಟುಕುವ ಗಟ್ಟಿಗ' ಎಂದಿತ್ತು.

ನಿಂಗಕ್ಕ ಕಿಟಕಿಗೆ ಮುಖ ಒತ್ತಿ ನೋಡಿದಳು. "ಲೇ ಮಮ್ತಾ, ಮರಿ ಎಲ್ಲೋತೇ?"

"ತೆಗ್ದಾರೆ ಕಣವ್ವ. ಕಂಪ್ಯೂಟರ್‌ನಾಗೆ."

"ಮರಿ ತೆಗ್ದು, ನಾನೊಬ್ಬಳೇ ಹುಚ್ಚಿ ಹಂಗೆ ಮಡ್ಲು ನೋಡ್ಕಂಡು ನಗಾ ಹಂಗೆ ಮಾಡ್ಯಾರಲ್ಲೇ." ಬಸ್ಸು ದಾಟಿ ಹೋದರೂ ಅವಳು ಕತ್ತು ತಿರುಗಿಸಿ ನೋಡುತ್ತಿದ್ದಳು. "ಆ ಹಲ್ಲು ಯಾರ್ದು?"

ಮುರಿದ ಹಲ್ಲಿನ ಜಾಗ ಭರ್ತಿಯಾಗಿತ್ತು. ಅಕ್ಕಪಕ್ಕದ ಹಲ್ಲುಗಳಿಗಿಂತ ಒಂದು ಕೈ ಬಿಳುಪು ಹೆಚ್ಚೇ ಇತ್ತು.

"ಪುಕ್ಸಟ್ಟೆ ಹಲ್ಲು ಕಟ್ಟಿಸ್ಯಾರೆ, ಸುಮ್ನಿರವ್ವ," ಅಂದಳು ಮಮತಾ, ನಗು ತಡೆದುಕೊಂಡು.

"ನಂದಲ್ಲದ್ದು ನನ್ ಬಾಯಾಗೆ ಯಾಕಿರ್ಬೇಕು?" ಅಂದಳು ನಿಂಗಕ್ಕ. ಚಿತ್ರದುರ್ಗ ಬರುವವರೆಗೂ ಆ ಮಾತು ಬಿಡಲಿಲ್ಲ.

ಎಲ್ಲರ ಕೈಗೂ ಎಟುಕುವ ಗಟ್ಟಿಗ ಮಾರುತೇಶನ ಕೈಗೆ ಎಟುಕಲಿಲ್ಲ. ಸಾಲ ಕೊಡುವವರು ಅವನ ಕಾಗದಗಳನ್ನು ನೋಡಿ ಆಗುವುದಿಲ್ಲ ಎಂದರು. ಅವನು ಸಾಹುಕಾರರ ಹಳೆಯ ಗಾಡಿಯನ್ನೇ ಓಡಿಸಿಕೊಂಡು, ಅವ್ವನ ನಗುಮುಖದ ಕೆಳಗೇ ಹಿರಿಯೂರಿಗೆ ಹೋಗಿ ಬರಬೇಕಾಯಿತು. ಟೀ ಅಂಗಡಿಗಳಲ್ಲಿ ಬೇರೆ ಡ್ರೈವರುಗಳು ಕೇಳುತ್ತಿದ್ದರು: "ಮಾರುತಿ, ನಿಮ್ಮವ್ವ ಹೊಸ ಗಾಡಿ ಹತ್ತಿದಳು, ನೀನ್ಯಾವಾಗಪ್ಪ?" ಕೊನೆಗೆ ಅವನು ಸುತ್ತಾದರೂ ಸರಿ ಎಂದು ಒಳದಾರಿ ಹಿಡಿದ.

* * *

ಮಮತಾ ಚಿತ್ರದುರ್ಗದ ಶೋರೂಮಿಗೆ ಫೋನು ಮಾಡಿದಳು. ಮೊದಲು ಸಂಗೀತ ಬಂತು, ಆಮೇಲೆ ಒಂದು ಹುಡುಗಿಯ ದನಿ.

"ತ್ರಿವೇಗ ಮೋಟಾರ್ಸ್‌ಗೆ ಸ್ವಾಗತ ಮೇಡಂ. ಯಾವ ಗಾಡಿ ನೋಡ್ತಿದೀರ?"

"ಗಾಡಿ ಅಲ್ಲಮ್ಮ. ಗಟ್ಟಿಗದ ಹೋರ್ಡಿಂಗ್ ಹಾಕಿದ್ರಲ್ಲ, ಅದ್ರಾಗಿನ ಫೋಟೊ ಬೇಕಿತ್ತು."

"ಗಟ್ಟಿಗ ಹಳೇ ಮಾಡೆಲ್ ಮೇಡಂ. ಈಗ ಗಟ್ಟಿಗ ಪ್ಲಸ್ ಬಂದಿದೆ. ಟೆಸ್ಟ್ ಡ್ರೈವ್‌ಗೆ ಮನೆ ಹತ್ರಾನೇ ಕಳಿಸ್ತೀವಿ."

"ಆ ಫೋಟೊದಾಗಿರೋರು ನಮ್ಮವ್ವ. ಇವತ್ತು ತೀರ್ಕಂಡ್ರು."

"ಸಾರಿ ಮೇಡಂ. ಗಾಡಿ ಅವ್ರ ಹೆಸರಲ್ಲಿತ್ತಾ?"

ಮಮತಾ ಫೋನು ಇಟ್ಟಳು. ಸ್ವಲ್ಪ ಹೊತ್ತಿಗೆ ಒಂದು ಸಂದೇಶ ಬಂತು: ನಮ್ಮ ಸೇವೆ ನಿಮಗೆ ಹೇಗನಿಸಿತು, ಒಂದರಿಂದ ಐದರವರೆಗೆ ಅಂಕ ಕೊಡಿ.

ಇತ್ತ ತಿಮ್ಮೇಶ್ ಎರಡು ಸಲ ಫೋನು ಮಾಡಿದ. ಮೂರು ಗಂಟೆಗೆ ಅಂಗಡಿ ಮುಚ್ಚಿ ಹೆಂಡತಿಯ ಊರಿಗೆ ಹೋಗಬೇಕಂತೆ. "ಆಧಾರ್‌ದೇ ಹೊಡೀಲಾ ಅಕ್ಕ? ರೇಷ್ಮೆ ಸೀರೆ ಕೂರಿಸ್ತೀನಿ, ಹಿಂದೆ ಬೇಕಾದ್ರೆ ಹಾಲುರಾಮೇಶ್ವರದ ಗುಡಿ ಹಾಕ್ತೀನಿ."

"ನಮ್ಮವ್ವ ಎಂದೂ ರೇಷ್ಮೆ ಉಟ್ಟಿಲ್ಲಪ್ಪ. ಹೊಡೀಬ್ಯಾಡ, ತಡಿ."

ಬಂದವರು ಒಬ್ಬೊಬ್ಬರೂ ಹೂವಿನ ಹಾರ ಹಾಕಿ, ಕೈಮುಗಿದು, ಮಮತಾಳ ಹತ್ತಿರ ಬಂದು ಒಂದೇ ಮಾತು ಹೇಳುತ್ತಿದ್ದರು: ಮುತ್ತೈದೆ ಸಾವು, ಪುಣ್ಯವಂತೆ. ಮಮತಾಳಿಗೆ ತಲೆಯಾಡಿಸಿ ತಲೆಯಾಡಿಸಿ ಕತ್ತು ನೋವು ಬಂದಿತ್ತು. ಬೇವಿನ ಮರದ ಕೆಳಗೆ ಅಪ್ಪ ಕರಿಸಿದ್ದಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಅವನು ಹೆಂಡತಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಾದುಹೋದವರನ್ನೆಲ್ಲ ಕೇಳುತ್ತಿದ್ದುದು ಒಂದೇ: "ಕುರಿಗೆ ನೀರು ತೋರಿಸಿದ್ರೇನ್ರೋ?" ಮನೆಯ ಹಿಂದೆ ರೊಪ್ಪದಲ್ಲಿ ಕುರಿಗಳು ಹೊರಗೆ ಬಿಡಲಿಲ್ಲವೆಂದು ಒದರುತ್ತಿದ್ದವು.

"ತೋರಿಸ್ಯಾರೆ ಅಪ್ಪ. ಎಷ್ಟು ಸಲ ಹೇಳಾದು?"

"ಮರಿಗಳಿಗೆ?"

"ಅಪ್ಪ, ಇವತ್ತೊಂದಿನ ಕುರಿ ಬಿಟ್ಟು ಬ್ಯಾರೆ ಏನಾರ ಮಾತಾಡ್ತೀಯಾ?"

ಕರಿಸಿದ್ದಪ್ಪ ರೊಪ್ಪದ ಕಡೆ ಮುಖ ತಿರುಗಿಸಿದ. ಅದೂ ಅವಳಿಗೆ ಸಹಿಸಲಾಗಲಿಲ್ಲ.

ಪಕ್ಕದ ಮನೆಯ ಗಿರಿಯಮ್ಮ ಇದನ್ನೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿಸಿಕೊಂಡಿದ್ದಳು. ನಿಂಗಕ್ಕನ ಓರಗೆಯವಳು. ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ, "ಆ ಫೋಟೊಕ್ಕೆ ಚಿತ್ರದುರ್ಗಕ್ಕೆ ಯಾಕೆ ಫ್ವಾನ್ ಮಾಡ್ತೀಯೇ?" ಅಂದಳು. "ನಮ್ಮ ಸೌದೆ ಮೇಲೆ ಹೊದ್ಸಿರಾದು ಏನು ಮತ್ತೆ?"

* * *

ಹೊಸ ಮಾಡೆಲ್ ಬಂದಾಗ ಶೋರೂಮಿನವರು ಹಳೆಯ ಹೋರ್ಡಿಂಗ್ ಇಳಿಸಿದರು. ಅದು ಹೇಗೋ ನಿಂಗಕ್ಕನ ಕಿವಿಗೆ ಬಿತ್ತು. ಅವಳು ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಸಂಜೆ ತಾಳ್ಯದಲ್ಲಿ ಇಳಿದಾಗ ತಲೆಯ ಮೇಲೆ ಸುತ್ತಿದ ಜಮಖಾನದಂಥ ದೊಡ್ಡ ಸುರುಳಿ. ಕಂಡಕ್ಟರು ಅದಕ್ಕೂ ಟಿಕೆಟ್ ಹರಿದಿದ್ದನಂತೆ.

"ಏನೇ ಅದು?" ಎಂದು ಕೇಳಿದ್ದಳು ಗಿರಿಯಮ್ಮ.

"ತಾಡಪಾಲು. ಸುಮ್ನೆ ಬಿಸಾಕ್ತಿದ್ರು. ನನ್ ಮುಖ ಹಾಕಿ ಅಷ್ಟು ದಿನ ದುಡ್ಕಂಡಾರೆ, ಒಂದು ತಾಡಪಾಲು ಕೊಡಾಕೆ ಏನು ರೋಗ ಅಂದೆ. ಆ ಟೈ ಕಟ್ಟಿದೋನು ನನ್ನ ನೋಡಿದ್ದೇ ಒಳಗೆ ಓಡಿದ. ನಾನೇ ಎತ್ಕಂಡು ಬಂದೆ."

ಮಾರನೆಯ ದಿನ ಬೀದಿಗೆ ಹಾಸಿ, ಕುರಿ ಉಣ್ಣೆ ಕತ್ತರಿಸುವ ಕತ್ತರಿ ಹಿಡಿದು ಕೂತಳು. ಸೀರೆ ಅಂಗಡಿಯವರ ಹಾಗೆ ಕೇಳಿದವರಿಗೆ ಕೇಳಿದಷ್ಟು ಕತ್ತರಿಸಿ ಕೊಟ್ಟಳು. ಗಾಡಿಯ ಹೆಸರಿದ್ದ ತುಂಡು ಗಿರಿಯಮ್ಮನ ಸೌದೆಗೆ. ಮುಂದಿನ ಚಕ್ರ ಯಾರದೋ ಬಚ್ಚಲಿಗೆ. ಸ್ಟೇರಿಂಗೂ ಅದರ ಮೇಲಿದ್ದ ಕೈಯೂ ಹಿಂದಿನ ಬೀದಿಯ ಜುಂಜಯ್ಯನ ಮೆಕ್ಕೆಜೋಳದ ರಾಶಿಗೆ. ಮಾರುತೇಶ ಬಾಡಿಗೆ ಮುಗಿಸಿ ಬಂದವನು ಬೀದಿಯಲ್ಲಿ ತುಂಡುತುಂಡಾಗಿ ಬಿದ್ದಿದ್ದ ಗಟ್ಟಿಗವನ್ನು ನೋಡಿ, ಯಾರೊಡನೆಯೂ ಮಾತಾಡದೆ ಒಳಗೆ ಹೋಗಿ ಮಲಗಿದ. ಆ ಫ್ಲೆಕ್ಸಿನ ಮಾತು ಅವನ ಮುಂದೆ ಮತ್ತೆ ಯಾರೂ ಎತ್ತಲಿಲ್ಲ.

* * *

"ಮುಖದ ತುಂಡು ಯಾರಿಗೆ ಕೊಟ್ಟಳು?" ಎಂದು ಕೇಳಿದಳು ಮಮತಾ.

"ಅದನ್ನ ಯಾರೂ ಇಸ್ಕಳ್ಳಿಲ್ಲ ಕಣೇ. ನಂಗೂ ಕೊಡಾಕೆ ಬಂದಳು. ನಿನ್ ಮುಖನ ಸೌದೆ ಮ್ಯಾಲೆ ಹೆಂಗೆ ಹೊದ್ಸಲೇ, ನಂಗೆ ಗಾಡಿದೇ ಕೊಡು ಅಂದೆ." ಗಿರಿಯಮ್ಮನ ಕಣ್ಣು ಈಗ ತುಂಬಿತು. ಬೆಳಿಗ್ಗೆಯಿಂದ ತುಂಬಿರಲಿಲ್ಲ. "ಇಸ್ಕಬೇಕಿತ್ತು."

"ಹಂಗಾರೆ ಅದು ಏನಾಯ್ತು?"

"ಅದನ್ನ ಜುಂಜಯ್ಯನ್ನ ಕೇಳು. ಕೊನೀಗೆ ಉಳಿದಿದ್ದು ಅವನೇ."

ಮಮತಾ ಹಿಂದಿನ ಬೀದಿಗೆ ಹೋದಳು. ಬಿಸಿಲು ನೆತ್ತಿಯಿಂದ ಆಗಲೇ ಇಳಿಯತೊಡಗಿತ್ತು, ಕಾವು ಮಾತ್ರ ಇಳಿದಿರಲಿಲ್ಲ. ಜುಂಜಯ್ಯ ಸಾವಿನ ಮನೆಗೆ ಹೊರಡಲು ಪಂಚೆ ಉಡುತ್ತಿದ್ದವನು, ಅವಳನ್ನು ಕಂಡು ಅರ್ಧಕ್ಕೇ ಹೊರಗೆ ಬಂದ. ಅಂಗಳದಲ್ಲಿ ರಾಶಿಯ ಮೇಲೆ ಫ್ಲೆಕ್ಸಿನ ತುಂಡಿತ್ತು. ಕಲ್ಲು ಸರಿಸಿ ತುಂಡನ್ನು ತಿರುವಿ ಹಾಕಿದ. ಸ್ಟೇರಿಂಗ್ ಹಿಡಿದ ಕೈ, ಮುಂಗೈಯ ಹಚ್ಚೆ, ಸವೆದ ಬಳೆ. ಆ ಬಳೆಗಳನ್ನು ಬೆಳಿಗ್ಗೆ ತೆಗೆದು ಹಸಿರು ಬಳೆ ಇಟ್ಟಿದ್ದರು. ಮಮತಾ ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಮುಖದ್ದು ಮನೀಗೇ ಒಯ್ದಳವ್ವ," ಅಂದ ಜುಂಜಯ್ಯ. "ಯಾರಿಗೂ ಬ್ಯಾಡಾದ ಮುಖ, ನನ್ ಕುರಿಗೇ ಆಗ್ತೈತೆ ಬಿಡು ಅಂತ ನಗಾಡ್ಕಂಡು ಹೋದಳು."

"ಕುರಿಗೆ ಏನ್ ಮಾಡಾಕೆ ಮಾವ?"

"ಅದು ಅವಳಿಗೇ ಗೊತ್ತು. ನಿಮ್ಮವ್ವ ಮಾಡಾ ಕೆಲಸ ಮಾಡಿದ ಮ್ಯಾಲೇ ಅಲ್ವೇನವ್ವ ನಮಗೆ ತಿಳೀತಿದ್ದುದು?"

ಮಮತಾ ಮನೆಗೆ ಬಂದು ಅಟ್ಟ ನೋಡಿದಳು. ಹಿಂಡಿ ಚೀಲಗಳ ಹಿಂದೆ ನೋಡಿದಳು. ದೊಡ್ಡ ರೊಪ್ಪದ ಬೇಲಿ ಸುತ್ತಿ ಬಂದಳು. ಅಲ್ಲಿ ಇದ್ದುದು ಮುಳ್ಳು ಮತ್ತು ಹಳೆಯ ಸೀರೆ. ಅಡುಗೆಮನೆಯಲ್ಲಿ ಬಂದವರಿಗೆ ಟೀ ಸೋಸುತ್ತಿದ್ದ ಚೈತ್ರಾಳನ್ನು ಕೇಳಿದಳು.

"ನಂಗೆ ಗೊತ್ತಿಲ್ಲ ಅತ್ತಿಗೆ. ಆ ಫ್ಲೆಕ್ಸ್ ವಿಷ್ಯ ತೆಗ್ದರೆ ಇವ್ರು ಉಣ್ಣದೇ ಏಳ್ತಿದ್ರು. ಅದಕ್ಕೆ ಅತ್ತೆ ಎಲ್ಲೋ ಇಟ್ರು, ನಾನೂ ಕೇಳ್ಲಿಲ್ಲ."

ಭಜನೆಯವರು ಬಂದರು. ಹಾರ್ಮೋನಿಯಂನ ಒಂದು ಕೀ ಕೆಟ್ಟಿತ್ತು. ಅದನ್ನು ಸರಿಮಾಡಲು ಒಬ್ಬ ಚಮಚ ಕೇಳಿದ. ಮಾರುತೇಶ ಬಂದು, "ಗುಂಡಿ ತೋಡಿದ್ದಾಯ್ತಂತೆ. ಇನ್ನು ಎತ್ತಾಣ," ಅಂದ. ಆಮೇಲೆ ಅಕ್ಕನ ಮುಖ ನೋಡದೆ ಸೇರಿಸಿದ: "ತಿಮ್ಮೇಶಂಗೆ ಆಧಾರ್‌ದೇ ಹೊಡಿ ಅಂತ ಹೇಳಿಬಿಡ್ತೀನಿ. ಸಿಗದೇ ಇದ್ದದ್ದಕ್ಕೆ ಏನ್ ಮಾಡಾಕಾಗ್ತೈತೆ?"

ಮಮತಾ ಬಾಗಿಲ ಪಕ್ಕ ಕೂತು ಟೀವಿಯ ಮೇಲಿನ ಗೋಡೆ ನೋಡಿದಳು. ಸಿಟ್ಟಿನಜ್ಜನ ಪಕ್ಕದಲ್ಲಿ ಒಂದು ಕಟ್ಟಿನಷ್ಟು ಜಾಗ ಖಾಲಿ ಇತ್ತು.

ಹೊರಗೆ ಕರಿಸಿದ್ದಪ್ಪನ ದನಿ ಕೇಳಿತು. ಈ ಸಲ ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ. "ಮರಿ ಬೆಳಿಗ್ಗಿಂದ ಒದರ್ತಾವೆ. ಹಾಲಿಗೆ ಬಿಟ್ಟಿಲ್ಲ ಯಾರೂ. ಅವಳಿದ್ದಿದ್ರೆ ಬಿಡ್ತಿದ್ದಳು."

ಮಮತಾ ಸೆರಗು ಸೊಂಟಕ್ಕೆ ಸಿಗಿಸಿ ದಡಕ್ಕನೆ ಎದ್ದಳು. "ಬಿಡ್ತೀನಿ ನಡಿ. ಅವ್ವನ್ನ ಕಳಿಸಾಕಿಂತ ಮುಂಚೆ ನಿನ್ ಮರಿ ಬಿಡಾದೇ ಆಗ್ಲಿ."

ಮರಿಗೂಡು ರೊಪ್ಪದ ಆಚೆ ಮೂಲೆಯಲ್ಲಿತ್ತು. ಬಿಸಿಲು ಹೆಚ್ಚಾದ ಮೇಲೆ, ಈಚೆಗೆ ಹುಟ್ಟಿದ ಮರಿಗಳಿಗಾಗಿ ನಿಂಗಕ್ಕ ತಾನೇ ಕಟ್ಟಿದ್ದು: ಸೊಂಟದೆತ್ತರದ ಬಿದಿರ ತಟ್ಟಿ, ಮೇಲೆ ಒಂದು ಕಡೆಗೆ ಇಳಿಜಾರಾಗಿ ಬಿಗಿದ ಬಿಳಿ ಹೊದಿಕೆ, ನಾಲ್ಕು ಮೂಲೆಗೂ ಹಗ್ಗ. ಮಮತಾ ಅಡ್ಡಗೋಲು ತೆಗೆದಳು. ಮರಿಗಳು ಅವಳ ಕಾಲು ತುಳಿದುಕೊಂಡು ತಾಯಂದಿರ ಕಡೆ ಓಡಿದವು. ಎರಡು ಬರಲಿಲ್ಲ. ತೀರ ಎಳೆಯವು, ಒಳಗೆ ಇಳಿಜಾರಿನ ತಗ್ಗಿನ ಕಡೆ ನೆರಳಿಗೆ ಒತ್ತಿಕೊಂಡು ಮಲಗಿದ್ದವು.

"ನಿಮ್ಗೇನು ಕರೆಯೋಲೆ ಕೊಡ್ಬೇಕೇನ್ರೇ? ಬರ್ರೇ ಹೊರಕ್ಕೆ," ಅಂದಳು.

ಬರಲಿಲ್ಲ. ಮಂಡಿಯೂರಿ ತಲೆ ಒಳಗೆ ಹಾಕಿದಳು. ಕೈ ಎಟುಕಲಿಲ್ಲ. ಪಕ್ಕಕ್ಕೆ ಹೊರಳಿ ತೆವಳಿದಳು, ಸೀರೆಗೆ ಹಿಕ್ಕೆ ಮೆತ್ತಿತು. ಒಂದು ಮರಿಯ ಹಿಂಗಾಲು ಕೈಗೆ ಸಿಕ್ಕಿ ಜಾರಿತು. ಅವಳು ಬೈಯುತ್ತ ಬೆನ್ನಿನ ಮೇಲೆ ಬಿದ್ದಳು.

ಅವ್ವ ನಗುತ್ತಿದ್ದಳು.

ಹಿಂದಿನಿಂದ ಬಿಸಿಲು ಬಿದ್ದು ಮುಖವೆಲ್ಲ ಬೆಳಗಿತ್ತು. ಒಂದು ಬಿದಿರ ಗಳದ ನೆರಳು ಹಣೆಯ ಮೇಲೆ ಅಡ್ಡಕ್ಕೆ ಹಾದಿತ್ತು. ಫ್ಲೆಕ್ಸಿನ ಬಿಳಿಯ ಬೆನ್ನು ಮೇಲಿದ್ದರೆ ಕಾವು ಕಡಿಮೆ ಎಂದು ಅವ್ವ ಮುಖವನ್ನು ಕೆಳಗೆ ಮಾಡಿ ಕಟ್ಟಿದ್ದಳು. ಗದ್ದದ ಭಾಗ ತಗ್ಗಿನ ಕಡೆಗಿತ್ತು. ರೆಪ್ಪೆ ಇಳಿಸಿದ ಆ ಕಣ್ಣುಗಳು ಮಲಗಿದ್ದ ಮರಿಗಳ ಮೇಲಿದ್ದವು.

ಕಂಪನಿಯವರು ಕೂರಿಸಿದ್ದ ಬಿಳಿ ಹಲ್ಲು ಕಾಣಲಿಲ್ಲ. ಅದರ ಮೇಲೆ ಕುರಿಯ ಕಿವಿಗೆ ಹಚ್ಚುವ ಕರಿ ಬಣ್ಣ ಬಳಿದಿತ್ತು. ಅವಸರದಲ್ಲಿ ಬಳಿದದ್ದಲ್ಲ. ಅಕ್ಕಪಕ್ಕದ ಹಲ್ಲಿಗೆ ತಾಗದ ಹಾಗೆ ಅಂಚು ಹಿಡಿದು ತುಂಬಿತ್ತು. ಒಂದು ಹನಿ ಮಾತ್ರ ತುಟಿಗೆ ಇಳಿದು ಒಣಗಿತ್ತು.

"ಅಕ್ಕ, ಎಲ್ಲೋದೆ? ಎಲ್ರೂ ಕಾಯ್ತಾರೆ." ಮಾರುತೇಶನ ಹೆಜ್ಜೆ ಹತ್ತಿರ ಬಂದು ನಿಂತಿತು. ಅವನಿಗೆ ಗೂಡಿನ ಹೊರಗಿದ್ದ ಅವಳ ಕಾಲು ಕಂಡಿರಬೇಕು. "ಏನಾತು? ಬಿದ್ಯಾ?"

"ಒಳಗೆ ಬಾ."

"ಏನೈತೆ ಅಲ್ಲಿ? ಹೊತ್ತು ಮುಳುಗಾಕಿಂತ ಮುಂಚೆ ಮಣ್ಣು ಮಾಡ್ಬೇಕು ಕಣೆ."

"ಬಾರಲೇ."

ಅವನು ಗೊಣಗುತ್ತ ತೆವಳಿ ಬಂದ. ಅವಳ ಪಕ್ಕದಲ್ಲಿ ಅಂಗಾತ ಹೊರಳಿದ. ಆಮೇಲೆ ಗೊಣಗಲಿಲ್ಲ. "ಹಲ್ಲು," ಅಂದ.

"ಹೂಂ."

"ಯಾವಾಗ ಮಾಡಿದಳು ಇದನ್ನ?"

ಮಮತಾಳಿಗೂ ಗೊತ್ತಿರಲಿಲ್ಲ. ಮಾರುತೇಶ ಕೈಯೆತ್ತಿ, ಫ್ಲೆಕ್ಸನ್ನು ಮುಟ್ಟದೆ, ಮೂಲೆಯ ಹಗ್ಗದ ಗಂಟು ಹಿಡಿದು ನೋಡಿದ. "ಬಿಚ್ಚಿಕಂಡು ಹೋಗಾಣ. ಮುಂದೆ ಹಿಡ್ಕಂಡು ನಡದ್ರಾತು."

"ಬಿಸಿಲೈತೆ," ಅಂದಳು ಮಮತಾ, ಮರಿಗಳ ಕಡೆ ನೋಡಿ.

ಅವನು ಗಂಟಿನಿಂದ ಕೈ ತೆಗೆದ.

ಅವಳು ಮೊಬೈಲನ್ನು ಎದೆಯ ಮೇಲೆತ್ತಿ ಹಿಡಿದಳು. ಒತ್ತುವಷ್ಟರಲ್ಲಿ ಮರಿಯೊಂದು ಎದ್ದು ನಿಂತಿತು. ಮತ್ತೊಂದು ತೆಗೆಯಲು ಹೋಗಲಿಲ್ಲ. ಇದ್ದುದನ್ನೇ ತಿಮ್ಮೇಶನಿಗೆ ಕಳಿಸಿದಳು. ಅವನು ಮೊಬೈಲು ಕೈಯಲ್ಲೇ ಹಿಡಿದಿದ್ದಿರಬೇಕು, ಕೂಡಲೇ ಫೋನು ಬಂತು.

"ಬೀಗ ಹಾಕ್ತಿದ್ದೆ ಅಕ್ಕ, ಇರ್ಲಿ. ಫೋಟೊ ಚೆನಾಗೈತೆ. ಹಲ್ಲಿನ ಮ್ಯಾಲೆ ಏನೋ ಕಪ್ಪು ಬಿದ್ದೈತೆ. ಕೆಳಗೆ ಕುರಿಮರಿ ಕಿವಿ ಬ್ಯಾರೆ ಅಡ್ಡ ಬಂದೈತೆ, ಅದ್ರ ಮ್ಯಾಲೂ ಒಂದು ಕಪ್ಪು. ಎಲ್ಲಾ ತೆಗ್ದು ನೀಟ್ ಮಾಡಿ ಹೊಡೀತೀನಿ."

ಮಾರುತೇಶ ಅಕ್ಕನ ಕೈಯಿಂದ ಫೋನು ತೆಗೆದುಕೊಂಡ.

"ಏನೂ ಮುಟ್ಟಬ್ಯಾಡ," ಅಂದ. "ಇದ್ದಂಗೇ ಹೊಡಿ."

ಅಂಗಳದಲ್ಲಿ ತಾಳ ಶುರುವಾಯಿತು. ಯಾರೋ ಇಬ್ಬರ ಹೆಸರನ್ನೂ ಕೂಗಿದರು. ಎದ್ದು ನಿಂತಿದ್ದ ಮರಿ ಮಾರುತೇಶನ ಹೊಟ್ಟೆಯ ಮೇಲೆ ಒಂದು ಕಾಲಿಟ್ಟಿತು, ಇನ್ನೊಂದು ಕಾಲಿಟ್ಟಿತು, ಎದೆಯವರೆಗೆ ನಡೆದು ಬಂದು, ತಲೆಯೆತ್ತಿ ಮೇಲಕ್ಕೆ ಒದರಿತು.